ಒಂದು, ಆಮೇಲೆ ನಾಲ್ಕು

ಕಾರಿನೊಳಗೆ ಹಳದಿ ದೀಪ ಹತ್ತಿಕೊಂಡ ಮೇಲೆ ಗಂಡನ ಗಂಟಲಲ್ಲಿ ಮುದ್ದೆ ಇಳಿಯುತ್ತಿಲ್ಲ ಎನ್ನುವುದು ಸಿದ್ದಲಕ್ಷ್ಮಮ್ಮನಿಗೆ ಮೊದಲ ದಿನವೇ ಗೊತ್ತಾಯಿತು. ಎರಡು ಮುದ್ದೆ ಉಣ್ಣುವ ಮನುಷ್ಯ ಒಂದಕ್ಕೇ ಕೈ ತೊಳೆದು ಅಂಗಳಕ್ಕಿಳಿಯುವನು. ಕಾರಿನ ಸುತ್ತ ಒಂದು ಸಲ ಬಂದು, ಒಳಗೆ ಕೂತು, ಎಂಜಿನ್ ಚಾಲೂ ಮಾಡಿ ನೋಡುವನು. ಮಿಕ್ಕ ದೀಪಗಳೆಲ್ಲ ಒಂದೊಂದಾಗಿ ಆರಿದರೂ ಎಂಜಿನ್ನಿನ ಚಿತ್ರ ಬರೆದ ಆ ಒಂದು ಮಾತ್ರ ಆರದು. ಹಿಂದಿನಿಂದ ಕಪ್ಪು ಹೊಗೆ ಬರುವುದು, ಅಂಗಳವೆಲ್ಲ ಪೆಟ್ರೋಲ್ ನಾರುವುದು. ಆತ ಎಂಜಿನ್ ನಿಲ್ಲಿಸಿ, ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಕಾಯಿಲೆಯವರ ಕೋಣೆಯಿಂದ ಹೊರಬಂದವನ ಹಾಗೆ ಜಗಲಿಗೆ ಬಂದು ಕೂರುವನು.

ಅದು ತೊಂಬತ್ತೊಂಬತ್ತನೇ ಇಸವಿ. ಮಾರಂಡಹಳ್ಳಿಯ ಹೊರಗೆ, ಟೊಮೇಟೊ ಹೊಲಕ್ಕೆ ಅಂಟಿಕೊಂಡಂತೆ ಇದ್ದ ಕೃಷ್ಣಪ್ಪನ ಮನೆಗೆ ಕಾರು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಧರ್ಮಪುರಿಯ ಡಾಕ್ಟರೊಬ್ಬರು ಎರಡು ವರ್ಷ ಓಡಿಸಿ ಮಾರಿದ ಬಿಳಿ ಕಾರು. ಕಾರ್ಬ್ಯುರೇಟರ್ ಇಲ್ಲದ ಹೊಸ ನಮೂನೆಯ ಇಂಜೆಕ್ಷನ್ ಗಾಡಿ ಎಂದು ಕೃಷ್ಣಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಡಾಕ್ಟರ ಮನೆಯದಾದ್ದರಿಂದ ಇಂಜೆಕ್ಷನ್ ಅಂತ ಹೆಸರು ಬಂದಿರಬೇಕು ಎಂದು ಸಿದ್ದಲಕ್ಷ್ಮಮ್ಮ ಬಹಳ ದಿನ ತಿಳಿದಿದ್ದಳು.

ಟ್ರ್ಯಾಕ್ಟರ್ ಆದರೆ ಕೃಷ್ಣಪ್ಪ ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುವನು. ಆದರೆ ಈ ಗಾಡಿಯ ಬಾನೆಟ್ ಎತ್ತಿದರೆ ಒಳಗೆ ಕೈ ಇಡಲು ಧೈರ್ಯ ಸಾಲದು. ನೀರು ನೋಡಿದ, ಆಯಿಲ್ ನೋಡಿದ, ಎಲ್ಲವೂ ಸರಿಯಾಗಿತ್ತು. ಪಾಲಕ್ಕೋಡಿನ ಲಾರಿ ಮೆಕ್ಯಾನಿಕ್ ಒಬ್ಬನನ್ನು ಕರೆಸಿದ್ದೂ ಆಯಿತು. ಅವನು ಎಂಜಿನ್ನಿಗೆ ಕಿವಿಗೊಟ್ಟು ಕೇಳಿ, ಒಣ್ಣುಮಿಲ್ಲೆ, ಏನೂ ಆಗಿಲ್ಲ ಎಂದ. ದೀಪ ಅಷ್ಟು ಕಾಟ ಕೊಡುತ್ತಿದ್ದರೆ ಬಲ್ಬು ಕಿತ್ತು ಕೊಟ್ಟುಬಿಡುತ್ತೇನೆ, ನೆಮ್ಮದಿಯಾಗಿ ಓಡಿಸಿ ಎಂದು ಸ್ಕ್ರೂಡ್ರೈವರನ್ನೂ ತೆಗೆದ. ಕೃಷ್ಣಪ್ಪ ಅವನಿಗೆ ಕಾಫಿ ಕುಡಿಸಿ ಕಳಿಸಿದ. ಎತ್ತು ಕುಂಟಿದರೆ ಅದರ ಕಾಲು ನೋಡಬೇಕೋ, ನಮ್ಮ ಕಣ್ಣು ಮುಚ್ಚಿಕೊಳ್ಳಬೇಕೋ ಎಂದು ಆಮೇಲೆ ಹೆಂಡತಿಯ ಹತ್ತಿರ ಗೊಣಗಿದ.

ಇದೆಲ್ಲ ಆದದ್ದು ಎಂಥ ವಾರದಲ್ಲಿ ಎಂದರೆ, ಭಾನುವಾರ ತಾರಮಂಗಲದಲ್ಲಿ ಸೊಸೆ ರಾಧಾಳ ತವರಿನಲ್ಲಿ ಅವಳಣ್ಣನ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಮನೆಮಂದಿಯೆಲ್ಲ ಕಾರಿನಲ್ಲಿ ಬರುತ್ತೇವೆ ಎಂದು ಹೇಳಿಕಳಿಸಿ ಆಗಿತ್ತು. ಮದುವೆಯಾದ ಮೇಲೆ ರಾಧಾ ತವರಿಗೆ ಬಸ್ಸಿನಲ್ಲೇ ಹೋಗಿ ಬಂದವಳು. ಈ ಸಲ ಬಿಳಿ ಕಾರು ತನ್ನ ಬೀದಿಗೆ ತಿರುಗುವುದನ್ನು ಮನಸ್ಸಿನಲ್ಲಿ ಎಷ್ಟು ಸಲ ನೋಡಿಕೊಂಡಿದ್ದಳೋ. ಶುಕ್ರವಾರ ಸಂಜೆ ಕೃಷ್ಣಪ್ಪ ಜಗಲಿಯಿಂದಲೇ ಹೆಂಡತಿಗೆ ಹೇಳಿದ, ತೊಪ್ಪೂರು ಘಾಟಿನಲ್ಲಿ ಈ ದೀಪ ಇಟ್ಟುಕೊಂಡು ಇಳಿಯುವ ಧೈರ್ಯ ತನಗಿಲ್ಲ, ಬಸ್ಸಿನಲ್ಲೇ ಹೋಗೋಣ ಎಂದು. ಒಳಗೆ ಹುರುಳಿ ಆರಿಸುತ್ತಿದ್ದ ರಾಧಾಳ ಕೈ ಮೊರದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಸಿದ್ದಲಕ್ಷ್ಮಮ್ಮ ಅದನ್ನು ನೋಡಿದಳು. ಹುಡುಗಿ ಮತ್ತೆ ಹುರುಳಿ ಆರಿಸತೊಡಗಿದಳು. ಏನಾದರೂ ಅನ್ನುವಂತೆಯೂ ಇರಲಿಲ್ಲ.

ಆ ಮನೆಯಲ್ಲಿ ಸೊಸೆ ಮಾವನೊಡನೆ ಮಾತಾಡುವ ಪದ್ಧತಿ ಇರಲಿಲ್ಲ. ಹೀಗೇ ಇರಬೇಕೆಂದು ಯಾರೂ ಅಪ್ಪಣೆ ಮಾಡಿದ್ದಲ್ಲ. ಹಿಂದಿನಿಂದ ನಡೆದು ಬಂದದ್ದು, ನಡೆದುಕೊಂಡು ಹೋಗುತ್ತಿತ್ತು. ಮಾವ ಬಂದರೆ ರಾಧಾ ಸೆರಗು ತಲೆಗೆಳೆದುಕೊಂಡು ಬಾಗಿಲ ಮರೆಗೆ ಸರಿಯುವಳು. ಕೃಷ್ಣಪ್ಪನೂ ಸ್ವಭಾವತಃ ಸಂಕೋಚದವನು. ಸೊಸೆ ಅಡುಗೆಮನೆಯಲ್ಲಿದ್ದಾಳೆಂದರೆ ನೀರು ಕೇಳುವುದಕ್ಕೂ ಹಿತ್ತಲಲ್ಲಿರುವ ಹೆಂಡತಿಯನ್ನು ಕೂಗುವನು. ಮಗ ಬಾಲಾಜಿ ಬೋರ್‌ವೆಲ್ ಲಾರಿಯ ಜೊತೆ ಆಂಧ್ರದ ಕಡೆ ಹೋಗಿ ತಿಂಗಳುಗಟ್ಟಲೆ ಬಾರದವನು. ಹಾಗಾಗಿ ಇಬ್ಬರ ನಡುವಿನ ಮಾತೆಲ್ಲ ಸಿದ್ದಲಕ್ಷ್ಮಮ್ಮನ ಬಾಯಿಂದಲೇ ಹಾದುಹೋಗಬೇಕಿತ್ತು. ಅದು ಅವಳಿಗೆ ಬೇಸರದ ಕೆಲಸವೇನೂ ಆಗಿರಲಿಲ್ಲ. ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಮಾತು ಸಾಗಿಸುವಾಗ ಅಲ್ಲೊಂದು ಇಲ್ಲೊಂದು ತನ್ನದನ್ನೂ ಸೇರಿಸುವಳು. ಅದಕ್ಕೆ ಉಪ್ಪು ಹಾಕುವುದು ಎಂದು ತನ್ನೊಳಗೇ ಹೆಸರಿಟ್ಟುಕೊಂಡಿದ್ದಳು.

ಶನಿವಾರ ಬೆಳಿಗ್ಗೆ ರಾಧಾ ಒಲೆಯ ಮುಂದೆ ಕೂತೇ ಬಾಯಿ ಬಿಟ್ಟಳು.

"ಅತ್ತೆ, ಆ ದೀಪ ಯಾಕೆ ಅತ್ತೈತೆ ಅಂತ ದೀಪಾನೇ ಏಳ್ತೈತಂತೆ. ಕೇಳೋ ರೀತೀಲಿ ಕೇಳ್ಬೇಕಂತೆ. ನಮ್ಮಣ್ಣ ಕೊಯಮತ್ತೂರಿಗೆ ಟ್ರೈನಿಂಗ್ ಓಗಿದ್ದನಲ್ಲ, ಅಲ್ಲಿ ಏಳ್ಕೊಟ್ರಂತೆ."

ರಾಧಾಳ ಅಣ್ಣ ಮಣಿಕಂಠನದು ತಾರಮಂಗಲದಲ್ಲಿ ಬ್ಯಾಟರಿ, ಡೈನಮೊ, ವೈರಿಂಗ್ ಕೆಲಸದ ಅಂಗಡಿ. ರಾಧಾ ಹತ್ತನೇ ಕ್ಲಾಸು ಮುಗಿಸಿದ ಮೇಲೆ ಮದುವೆಯಾಗುವವರೆಗೂ ಅದೇ ಅಂಗಡಿಯಲ್ಲಿ ಅಣ್ಣನಿಗೆ ವೈರು ಸುಲಿದುಕೊಡುತ್ತ, ಬೆಸುಗೆ ಹಾಕುತ್ತ ಕೂತವಳು. ಇದು ಈ ಮನೆಯವರಿಗೂ ಗೊತ್ತಿದ್ದ ಸಂಗತಿಯೇ. ಆದರೆ ಹೆಣ್ಣು ನೋಡಲು ಹೋದಾಗ ಕೇಳಿ ತಲೆಯಾಡಿಸಿದ್ದು ಬಿಟ್ಟರೆ ಆಮೇಲೆ ಯಾರಿಗೂ ಅದರ ನೆನಪಾಗಿರಲಿಲ್ಲ.

ಸಿದ್ದಲಕ್ಷ್ಮಮ್ಮ ಜಗಲಿಗೆ ಹೋಗಿ ಗಂಡನಿಗೆ ವಿಷಯ ತಿಳಿಸಿದಳು. ನಡುವೆ ಇದ್ದದ್ದು ಒಂದು ಗೋಡೆ ಮಾತ್ರ. ಸೊಸೆ ಹೇಳಿದ್ದು ಅಕ್ಷರ ಬಿಡದೆ ಕೃಷ್ಣಪ್ಪನ ಕಿವಿಗೆ ಬಿದ್ದಿತ್ತು. ಆದರೂ ಅವನು ಹೆಂಡತಿಯ ಬಾಯಿಂದ ಬರುವವರೆಗೆ ಕಾದು, ಆಮೇಲೆ ಹೊಸದಾಗಿ ಕೇಳಿದವನಂತೆ ಹುಬ್ಬೇರಿಸಿದ. ಹಾಗಾದರೆ ಫೋನ್ ಮಾಡಿ ಸರಿಯಾಗಿ ಕೇಳಲಿ ಎಂದ. ಸಿದ್ದಲಕ್ಷ್ಮಮ್ಮ ಒಳಗೆ ಬಂದು ಫೋನ್ ಮಾಡಬೇಕಂತೆ ಎನ್ನುವಷ್ಟರಲ್ಲಿ ರಾಧಾ ಆಗಲೇ ನಡುಮನೆಯ ಫೋನಿನಲ್ಲಿ ನಂಬರು ತಿರುಗಿಸುತ್ತಿದ್ದಳು.

ಮಣಿಕಂಠ ಹೇಳಿದ್ದು ಇಷ್ಟು. ಬಾನೆಟ್ ಎತ್ತಿದರೆ ಬ್ಯಾಟರಿಯ ಪಕ್ಕದಲ್ಲಿ ಕಪ್ಪು ಮುಚ್ಚಳದ ಒಂದು ಸಣ್ಣ ಸಾಕೆಟ್ ಇದೆ. ಅದರೊಳಗೆ ತಾನು ಹೇಳುವ ಎರಡು ತೂತುಗಳನ್ನು ವೈರಿನಿಂದ ಸೇರಿಸಬೇಕು, ಮೂರನೆಯದಕ್ಕೆ ತಾಗಿಸಬಾರದು. ಆಮೇಲೆ ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದರೆ ಹಳದಿ ದೀಪ ಮಿಣುಕತೊಡಗುತ್ತದೆ. ಮೊದಲು ಕೆಲವು ಸಲ, ಒಂದು ನಿಲುಗಡೆ, ಮತ್ತೆ ಕೆಲವು ಸಲ. ಮೊದಲನೆಯದು ಹತ್ತರ ಲೆಕ್ಕ, ಎರಡನೆಯದು ಬಿಡಿಯ ಲೆಕ್ಕ. ಅದೇ ನಂಬರನ್ನು ಮೂರು ಸಲ ತೋರಿಸುತ್ತದೆ. ಆ ನಂಬರು ತನಗೆ ತಿಳಿಸಿದರೆ ಸಾಕು, ರೋಗ ಎಲ್ಲಿದೆ ಎಂದು ಹೇಳುತ್ತೇನೆ. ಆದರೆ ತಪ್ಪು ಎಣಿಸಿದರೆ ಸರಿಯಿರುವುದನ್ನು ಬಿಚ್ಚಿ ಕೂರಬೇಕಾಗುತ್ತದೆ, ಜೋಪಾನ ಎಂದ.

ರಾಧಾ ಪಂಪ್‌ಸೆಟ್ಟಿನ ಹಳೇ ವೈರಿನಲ್ಲಿ ಒಂದು ತುಂಡು ಕತ್ತರಿಸಿ, ಎರಡೂ ತುದಿಗಳನ್ನು ಬ್ಲೇಡಿನಿಂದ ಸುಲಿದು ಹುರಿ ಮಾಡಿ ಅತ್ತೆಯ ಕೈಗಿಟ್ಟಳು. ಅತ್ತೆ ಅದನ್ನು ಮಾವನ ಕೈಗಿಟ್ಟಳು. ಬಾನೆಟ್ ಎತ್ತಿ ನೋಡಿದರೆ ಸಾಕೆಟ್ಟೇನೋ ಸಿಕ್ಕಿತು, ಆದರೆ ವೈರು ಸಣ್ಣದು, ತೂತು ದೊಡ್ಡದು. ಬಿಟ್ಟರೆ ಜಾರಿಬೀಳುತ್ತಿತ್ತು. ಹಾಗಾಗಿ ಕೃಷ್ಣಪ್ಪ ಎರಡೂ ತುದಿಗಳನ್ನು ಬೆರಳಿನಿಂದ ಒತ್ತಿ ಹಿಡಿದು ಬಾನೆಟ್ಟಿನ ಹಿಂದೆ ಬಗ್ಗಿ ನಿಲ್ಲಬೇಕಾಯಿತು. ಒಳಗೆ ಕೂತು ದೀಪ ನೋಡುವವರು ಬೇಕಾಯಿತು.

ರಾಧಾ ಡ್ರೈವರ್ ಬಾಗಿಲ ಹತ್ತಿರ ಬಂದು ನಿಂತಳು. ಮಾವ ಕೂರುವ ಸೀಟು. ಅದರ ಮೇಲೆ ಹಾಸಿದ್ದ ಟರ್ಕಿ ಟವೆಲನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು.

"ಕುಂತ್ಕೊಳ್ಳೇ, ಸೀಟೇನು ಸವೆಯಾಕಿಲ್ಲ," ಎಂದಳು ಸಿದ್ದಲಕ್ಷ್ಮಮ್ಮ.

ಎತ್ತಿದ ಬಾನೆಟ್ ನಡುವೆ ಬಂದು ಮಾವ ಸೊಸೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಮಡ್‌ಗಾರ್ಡಿನ ಪಕ್ಕ ನಿಂತ ಸಿದ್ದಲಕ್ಷ್ಮಮ್ಮನಿಗೆ ಮಾತ್ರ ಇಬ್ಬರೂ ಕಾಣುತ್ತಿದ್ದರು. ರಾಧಾ ಕೀ ತಿರುಗಿಸಿದಳು. ಹಳದಿ ದೀಪ ಮಿಣುಕಿತು. ಹುಡುಗಿ ಉಸಿರು ಬಿಗಿಹಿಡಿದು ನೋಡಿ, ಮಾವನಿಗೆ ಕೇಳಿಸದಷ್ಟು ಮೆಲ್ಲಗೆ ಅತ್ತೆಗೆ ಹೇಳಿದಳು, ಒಂದು ಸಲ ಮಿಣುಕಿತು, ನಿಂತಿತು, ಆಮೇಲೆ ನಾಲ್ಕು ಸಲ.

ಸಿದ್ದಲಕ್ಷ್ಮಮ್ಮ ಬಾನೆಟ್ಟಿನ ಕಡೆ ತಿರುಗಿ ಐದಂತೆ ಎಂದಳು.

ಐದು ಹೇಗಾಗುತ್ತದೆ ಎಂದು ಕೃಷ್ಣಪ್ಪ ಕೇಳಿದ. ಒಂದು ನಾಲ್ಕು ಕೂಡಿದರೆ ಐದಲ್ಲದೆ ಆರಾಗುತ್ತದೆಯೇ ಎಂದು ಸಿದ್ದಲಕ್ಷ್ಮಮ್ಮ ಮನಸ್ಸಿನಲ್ಲೇ ಅಂದುಕೊಂಡು, ತಾಳಿ, ಇನ್ನೂ ಮಿಣುಕುತ್ತಿದೆ ಎಂದಳು. ದೀಪ ಎರಡನೆಯ ಸಲ ತೋರಿಸಿತು, ಮೂರನೆಯ ಸಲ ತೋರಿಸಿತು. ಸಿದ್ದಲಕ್ಷ್ಮಮ್ಮ ಸೊಸೆಯ ಬಾಯನ್ನೂ ನೋಡದೆ ತಾನೇ ಕಿಟಕಿಯಿಂದ ಇಣುಕಿ ಬೆರಳು ಮಡಿಸುತ್ತ ಎಣಿಸಿ ಒಟ್ಟು ಹಾಕಿದಳು.

"ಅದಿನೈದು," ಎಂದು ಘೋಷಿಸಿದಳು. "ನಾನೇ ಕಣ್ಣಾರ ನೋಡ್ದೆ. ಪೂರ್ತಿ ಅದಿನೈದು."

ಹದಿನೈದು ಎಂದರೆ ಸರಿ, ಎರಡಂಕಿಯ ನಂಬರೇ ಎಂದು ಕೃಷ್ಣಪ್ಪ ನಿಟ್ಟುಸಿರಿಟ್ಟ. ಸಿದ್ದಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಫೋನಿನ ಕಡೆಗೆ ಆಗಲೇ ನಾಲ್ಕು ಹೆಜ್ಜೆ ಹಾಕಿದ್ದಳು. ಹಿಂದಿನಿಂದ ಅತ್ತೆ, ಅತ್ತೆ ಎಂದು ರಾಧಾ ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಆಗ ಕಾರಿನೊಳಗಿಂದ ಒಂದು ದನಿ ಎದ್ದು ಬಂತು. ಆ ಅಂಗಳದಲ್ಲಿ ಅಷ್ಟು ಎತ್ತರದಲ್ಲಿ ಯಾರೂ ಕೇಳಿರದ ದನಿ.

"ಅದಿನೈದಲ್ಲ ಮಾವ. ಅದಿನಾಲ್ಕು."

ಸಿದ್ದಲಕ್ಷ್ಮಮ್ಮ ಕಾಲೆತ್ತಿದವಳು ಹಾಗೇ ನಿಂತಳು. ತಿರುಗಿ ನೋಡಿದಳು. ಸೊಸೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಮಾಡಬಾರದ್ದು ಮಾಡಿದವಳಂತೆ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡಿದ್ದಳು. ಬಾನೆಟ್ಟಿನ ಹಿಂದೆ ಗಂಡ ಬ್ಯಾಟರಿಯ ಮೇಲೆ ಬರೆದದ್ದನ್ನು ಓದುತ್ತಿರುವವನಂತೆ ಅದನ್ನೇ ದಿಟ್ಟಿಸುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಟೊಮೇಟೊ ಕ್ರೇಟಿನ ಮೇಲೆ ಕೋಳಿಯೊಂದು ರೆಕ್ಕೆ ಕೊಡವಿ ಇಳಿಯಿತು. ಆಮೇಲೆ ಕೃಷ್ಣಪ್ಪ ಗಂಟಲು ಸರಿಮಾಡಿಕೊಂಡ.

"ಸರ್ಯಾಗಿ ನೋಡಿದ್ಯೇನಮ್ಮ?"

"ನೋಡ್ದೆ ಮಾವ. ಒಂದು, ಆಮೇಲೆ ನಾಕು. ಮೂರು ಸಲವೂ ಅಂಗೇ ಬಂತು. ವೈರು ಬಿಡಬ್ಯಾಡಿ, ಇನ್ನೊಂದು ಸಲ ನೋಡ್ತೀನಿ."

"ಬಿಡಲ್ಲ. ನೀನು ನೋಡು."

ಇನ್ನೊಂದು ಸಲವೂ ಹದಿನಾಲ್ಕೇ ಬಂತು. ಫೋನಿನಲ್ಲಿ ನಂಬರು ಕೇಳುತ್ತಲೇ ಮಣಿಕಂಠ ನಕ್ಕುಬಿಟ್ಟನಂತೆ. ಎಂಜಿನ್ನಿನ ನೀರು ಎಷ್ಟು ಕಾದಿದೆ ಎಂದು ಒಳಗಿನ ಕಂಪ್ಯೂಟರಿಗೆ ತಿಳಿಸಲು ಒಂದು ಸಣ್ಣ ಸೆನ್ಸರ್ ಇರುತ್ತದೆ, ಅದರಿಂದ ಸುದ್ದಿ ಬರುತ್ತಿಲ್ಲ ಎಂದೇ ಹದಿನಾಲ್ಕರ ಅರ್ಥ. ಸುದ್ದಿ ಬಾರದಿದ್ದರೆ ಕಂಪ್ಯೂಟರು ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತದೆ, ಕಪ್ಪು ಹೊಗೆ ಅದರಿಂದಲೇ. ಹೊಸ ಸೆನ್ಸರ್ ತರುವ ಮೊದಲು ಅದರ ವೈರು ನೋಡಿ ಎಂದ. ರೇಡಿಯೇಟರಿಗೆ ಹೋಗುವ ದಪ್ಪ ಪೈಪು ಎಂಜಿನ್ನಿಗೆ ಸೇರುವ ಜಾಗದಲ್ಲಿ ಎರಡು ವೈರಿನ ಒಂದು ಪ್ಲಗ್ ಇರುತ್ತದೆ. ಹೆಚ್ಚಿನ ಸಲ ಅಲ್ಲೇ ಸಡಿಲವಾಗಿರುತ್ತದೆ.

ಇದನ್ನು ರಾಧಾ ಫೋನ್ ಇಟ್ಟು ಬಂದು ಯಾರಿಗೆ ಹೇಳಬೇಕೆಂದು ಒಂದು ಗಳಿಗೆ ತಡವರಿಸಿದಳು. ಅತ್ತೆಯ ಮುಖ ನೋಡಿದಳು. ಸಿದ್ದಲಕ್ಷ್ಮಮ್ಮನ ನಾಲಿಗೆಯ ತುದಿಯಲ್ಲಿ ಮಾತು ತಯಾರಾಗಿಯೇ ಇತ್ತು. ರೇಡಿಯೇಟರು, ಪ್ಲಗ್ಗು, ಪೈಪು ಎಲ್ಲವನ್ನೂ ಹೊತ್ತು ಅಂಗಳ ದಾಟಿಸಲು ಅವಳು ಸಿದ್ಧಳಿದ್ದಳು. ಆದರೆ ಹೊರಗಿನಿಂದ ಏನಂದನಮ್ಮ ನಿಮ್ಮಣ್ಣ ಎಂದು ಗಂಡನ ದನಿ ಕೇಳಿತು. ರಾಧಾ ಅತ್ತೆಯನ್ನು ದಾಟಿಕೊಂಡು ಹೋದಳು.

ಸಿದ್ದಲಕ್ಷ್ಮಮ್ಮ ಹೊಸಿಲ ಮೇಲೆ ನಿಂತು ನೋಡಿದಳು. ಇಬ್ಬರೂ ಬಾನೆಟ್ಟಿನ ಕೆಳಗೆ ಬಗ್ಗಿದರು. ಮೊದಲು ನಡುವೆ ಒಬ್ಬ ಆಳು ನಿಲ್ಲುವಷ್ಟು ಜಾಗ ಬಿಟ್ಟುಕೊಂಡಿದ್ದರು. ಪೈಪು ಹುಡುಕುತ್ತ ಹುಡುಕುತ್ತ ಅದು ಒಂದು ಮೊಳವಾಯಿತು. ಆಮೇಲೆ ಕೃಷ್ಣಪ್ಪ ಏನನ್ನೋ ಹಿಡಿದೆಳೆದ. ಕೈಯಲ್ಲಿ ಒಂದು ಹಿಡಿ ರಾಗಿ ಹುಲ್ಲು, ಕಡಲೆಕಾಯಿ ಸಿಪ್ಪೆ, ಹಳೇ ಸೀರೆಯ ಒಂದು ಚೂರು ಬಂತು. ಆ ಚೂರು ತನ್ನ ಸೀರೆಯದೇ ಎಂದು ಸಿದ್ದಲಕ್ಷ್ಮಮ್ಮನಿಗೆ ದೂರದಿಂದಲೇ ಗುರುತು ಸಿಕ್ಕಿತು. ಹುಲ್ಲಿನ ಮೆದೆಯ ಪಕ್ಕ ನಿಂತ ಕಾರಿನಲ್ಲಿ ಇಲಿಯೊಂದು ಬೆಚ್ಚಗೆ ಬಾಣಂತನ ಮಾಡಿಕೊಂಡು ಹೋಗಿತ್ತು. ಹೋಗುವ ಮುಂಚೆ ಎರಡು ವೈರುಗಳಲ್ಲಿ ಒಂದನ್ನು ಕಡಿದು ಹೋಗಿತ್ತು.

ಕೃಷ್ಣಪ್ಪ ನಗತೊಡಗಿದ. ವಾರದಿಂದ ನಗದಿದ್ದ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಸೊಸೆಯೂ ನಕ್ಕಳು. ನಗುವಾಗ ಅವಳ ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿತ್ತು. ಅದು ಅವಳಿಗೂ ತಿಳಿಯಲಿಲ್ಲ, ಮಾವನಿಗೂ ತಿಳಿಯಲಿಲ್ಲ.

ಸಿದ್ದಲಕ್ಷ್ಮಮ್ಮ ಕಾಫಿ ಮಾಡುವ ನೆವದಲ್ಲಿ ಒಳಗೆ ಬಂದಳು. ಒಲೆಗೆ ಸೌದೆ ತಳ್ಳಿ ಕೂತರೆ ಕಣ್ಣು ಹನಿಗೂಡಿತು. ಹೊಗೆಯಿಂದ ಎಂದುಕೊಂಡಳು, ಆದರೆ ಒಲೆಯಲ್ಲಿ ಹೊಗೆಯೇ ಇರಲಿಲ್ಲ. ತನ್ನ ಕೈಯಲ್ಲಿದ್ದದ್ದು ಏನೋ ಜಾರಿಹೋದಂತೆ ಅನ್ನಿಸಿದ್ದು ನಿಜ. ನಾಳೆಯಿಂದ ಇವರಿಗೆ ತಾನೇಕೆ ಬೇಕು ಎಂದು ಒಂದು ಕ್ಷಣ ಮನಸ್ಸು ಸಣ್ಣದಾಯಿತು. ಅದು ಆ ಕ್ಷಣಕ್ಕೆ ಅಷ್ಟೆ. ಅದರ ಹಿಂದೆಯೇ ಅವಳಿಗೆ ತನ್ನ ಮಾವ ತಿಮ್ಮರಾಯಪ್ಪ ನೆನಪಾದ.

ಬೆಳ್ಳಗಿನ ಮೀಸೆಯ, ಉದ್ದನೆಯ ಆಳು. ಅವನೂ ಸೊಸೆಯೊಡನೆ ಮಾತಾಡಿದವನಲ್ಲ, ಮಾತಾಡಬೇಕಾದರೆ ಜಗಲಿಯ ಕಂಬಕ್ಕೆ ಹೇಳುವನು. ಸಂತೆಯಿಂದ ಬಂದರೆ ಬತ್ತಾಸಿನ ಪೊಟ್ಟಣವನ್ನು ಕಂಬದ ಬುಡದಲ್ಲಿಟ್ಟು, ಇದನ್ನ ಒಳಗಿನವರು ತಿನ್ಲಿ ಎಂದು ಕಂಬಕ್ಕೆ ಹೇಳಿ ಹೊಲದ ಕಡೆ ಹೋಗಿಬಿಡುವನು. ಅವನು ಮರೆಯಾದ ಮೇಲೆ ಸಿದ್ದಲಕ್ಷ್ಮಮ್ಮ ಬಂದು ಎತ್ತಿಕೊಳ್ಳುವಳು. ಬಾಲಾಜಿಗಿಂತ ಮೊದಲು ಹುಟ್ಟಿದ ಹೆಣ್ಣುಕೂಸು ತೊಟ್ಟಿಲಲ್ಲೇ ತೀರಿಕೊಂಡಾಗ ಅವಳು ಗೋಡೆಗೆ ಮುಖಮಾಡಿ ಮಲಗಿದ್ದಳು. ಜನರೆಲ್ಲ ಬಂದು ಸಮಾಧಾನ ಹೇಳಿ ಹೋದರು. ಅವರೆಲ್ಲ ಹೋದ ಮೇಲೆ ಜಗಲಿಯಲ್ಲಿ ಮಾವ ಕಂಬದ ಹತ್ತಿರ ಕೂತು, "ಅಳಬ್ಯಾಡ ಅಂತ ಏಳಪ್ಪ ಕಂಬ. ನಾನೂ ಉಂಡಿಲ್ಲ ಅಂತ ಏಳು," ಎಂದಿದ್ದ. ಅವಳು ಎದ್ದು ಮುದ್ದೆ ಮಾಡಿ ಇಟ್ಟಿದ್ದಳು. ನೀವೂ ಉಣ್ಣಿ ಮಾವ ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ಬಂದು ಅಲ್ಲೇ ಉಳಿದಿತ್ತು.

ಅವಳು ಕಾಫಿ ತಂದಾಗ ಅಂಗಳದಲ್ಲಿ ಕೆಲಸ ಮುಗಿಯುತ್ತಿತ್ತು. ರಾಧಾ ವೈರಿನ ಎರಡು ತುದಿಗಳನ್ನು ಹೆಣೆದು ಟೇಪು ಸುತ್ತುತ್ತಿದ್ದಳು. ಕೃಷ್ಣಪ್ಪ ಪ್ಲಗ್ ಹಿಡಿದು, ಬಿಗಿಯಾಯಿತಾ, ಇನ್ನೊಂದು ಸುತ್ತು ಹಾಕೋಣವಾ ಎಂದು ಕೇಳುತ್ತಿದ್ದ. ಹಳೆಯ ದೂರನ್ನು ಕಂಪ್ಯೂಟರು ಮರೆಯಲಿ ಎಂದು ಬ್ಯಾಟರಿಯ ಒಂದು ವೈರನ್ನು ಬಿಚ್ಚಿ, ಕಾಫಿ ಕುಡಿಯುವಷ್ಟು ಹೊತ್ತು ಹಾಗೇ ಬಿಟ್ಟು ಮತ್ತೆ ಜೋಡಿಸಿದರು. ಎಂಜಿನ್ ಚಾಲೂ ಮಾಡಿದರೆ ಉಳಿದ ದೀಪಗಳ ಜೊತೆ ಹಳದಿ ದೀಪವೂ ಆರಿತು. ಕೃಷ್ಣಪ್ಪನಿಗೆ ಅಷ್ಟಕ್ಕೇ ನಂಬಿಕೆ ಬರಲಿಲ್ಲ. ಎಂಜಿನ್ ನಿಲ್ಲಿಸಿ, ಸಾಕೆಟ್ಟಿಗೆ ವೈರು ಹಿಡಿದು ದೀಪವನ್ನು ಇನ್ನೊಮ್ಮೆ ಕೇಳೋಣ ಎಂದ. ಎಲ್ಲ ಸರಿಯಿದ್ದರೆ ಹನ್ನೆರಡು ತೋರಿಸುತ್ತದೆ ಎಂದು ಮಣಿಕಂಠ ಹೇಳಿದ್ದ. ಈ ಸಲ ವೈರು ಹಿಡಿಯುವ ಕೆಲಸ ಸಿದ್ದಲಕ್ಷ್ಮಮ್ಮನ ಪಾಲಿಗೆ ಬಂತು, ಯಾಕೆಂದರೆ ಮಾವ ಸೊಸೆ ಇಬ್ಬರೂ ಕಾರಿನೊಳಗೆ ಮುಂದಿನ ಸೀಟುಗಳಲ್ಲಿ ಕೂತುಬಿಟ್ಟಿದ್ದರು. ಶಾಕ್ ಹೊಡೆಯುತ್ತದೇನೋ ಎಂದು ಹಲ್ಲು ಕಚ್ಚಿ ನಿಂತ ಅವಳಿಗೆ ಒಳಗಿನಿಂದ ಎರಡು ದನಿ ಕೂಡಿ ಎಣಿಸುವುದು ಕೇಳಿತು. ಒಂದು. ಆಮೇಲೆ ಒಂದು, ಎರಡು.

ಆ ಮಧ್ಯಾಹ್ನ ಊಟಕ್ಕೆ ಕೂತ ಕೃಷ್ಣಪ್ಪ ಅಭ್ಯಾಸ ಬಲದಿಂದ ಹೆಂಡತಿಯ ಕಡೆ ತಿರುಗಿ, ಇನ್ನೊಂದು ಮುದ್ದೆ ತರೋಕೆ ಅವಳಿಗೆ ಹೇಳು ಎಂದ. ಸಿದ್ದಲಕ್ಷ್ಮಮ್ಮ ಮಜ್ಜಿಗೆ ಬಗ್ಗಿಸುತ್ತ ತಲೆಯೆತ್ತಲಿಲ್ಲ.

"ನೀವೇ ಏಳಿ. ನನ್ನ ಕಿವಿ ಇವತ್ತಿಂದ ಮಂದ," ಎಂದಳು.

ಕೃಷ್ಣಪ್ಪ ತಟ್ಟೆಯಲ್ಲಿ ಬೆರಳಾಡಿಸಿದ. ಬೆಳಿಗ್ಗೆ ಬಾನೆಟ್ಟಿನ ಕೆಳಗೆ ಸಲೀಸಾಗಿ ಬಂದ ಮಾತು ಈಗ ತಟ್ಟೆಯ ಮುಂದೆ ಬರಲೊಲ್ಲದು. ಕೊನೆಗೆ ಒಲೆಯ ಕಡೆ ನೋಡದೆಯೇ, ರಾಧಮ್ಮ, ಮುದ್ದೆ ಐತೇನಮ್ಮ ಎಂದ. ಐತೆ ಮಾವ, ತರ್ತೀನಿ ಎಂದು ಅವಳು ಎದ್ದಳು. ವಾರದ ಮೇಲೆ ಆತ ಎರಡನೆಯ ಮುದ್ದೆ ಉಂಡ.

ಭಾನುವಾರ ಬಿಳಿ ಕಾರು ತಾರಮಂಗಲದ ಬೀದಿಗೆ ತಿರುಗಿತು. ಸುದ್ದಿ ಮುಂಚೆಯೇ ತಲುಪಿದ್ದರಿಂದ ಮಣಿಕಂಠ ಶಾಸ್ತ್ರದ ಅಂಗಿಯಲ್ಲೇ ಬಂದು ಬಾನೆಟ್ ಎತ್ತಿಸಿ ನೋಡಿದ. ಜೋಡಣೆ ಗಟ್ಟಿಯಾಗಿದೆ, ಆದರೂ ಊಟದ ಮೇಲೆ ಒಂದು ಬೆಸುಗೆ ಹಾಕಿಕೊಡುತ್ತೇನೆ ಎಂದ. ಇದು ನಮ್ಮ ಸೊಸೆ ಮಾಡಿದ್ದು ಎಂದು ಕೃಷ್ಣಪ್ಪ ಅವಳ ಒಡಹುಟ್ಟಿದವನಿಗೇ ವಿವರಿಸುತ್ತ ನಿಂತ. ಆಗ ರಾಧಾ ಮನೆಯೊಳಗಿಂದ ಓಡಿಬಂದು ಎಲ್ಲರೆದುರಿಗೆ, "ಮಾವ, ಬೀದಿ ಇಳಿಜಾರು ಐತೆ, ಹ್ಯಾಂಡ್‌ಬ್ರೇಕ್ ಆಕಿದ್ರಾ?" ಎಂದು ಕೇಳಿದಳು.

ಅವಳ ತಾಯಿ ರಾಮಕ್ಕನ ಮುಖ ಬಿಳಿಚಿತು. ಮಗಳ ರಟ್ಟೆ ಹಿಡಿದು ಒಳಗೆಳೆದುಕೊಂಡು ಹೋಗಿ, ಹೋದ ಮನೆಯಲ್ಲಿ ಹೀಗಾ ನಡೆದುಕೊಳ್ಳುವುದು, ಮಾವನ ಮುಖ ನೋಡಿ ಮಾತಾಡುವಷ್ಟು ಬಾಯಿ ಬಂತಾ ಎಂದು ಪಿಸುದನಿಯಲ್ಲೇ ಬೈದಳು. ಆಮೇಲೆ ಸಿದ್ದಲಕ್ಷ್ಮಮ್ಮನ ಹತ್ತಿರ ಬಂದು ಕೈಹಿಡಿದು, ಅಪ್ಪ ಇಲ್ಲದೆ ಬೆಳೆದ ಹುಡುಗಿ, ಅಂಗಡಿಯಲ್ಲಿ ಗಂಡಸರ ನಡುವೆ ಕೂತು ರೂಢಿ, ಮನ್ನಿಸಬೇಕು ಬೀಗರೇ ಎಂದಳು. ಕಣ್ಣಲ್ಲಿ ನೀರೂ ಬಂದಿತ್ತು.

ಸಿದ್ದಲಕ್ಷ್ಮಮ್ಮ ಆ ಕೈಯನ್ನು ಬಿಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡಳು. ಯಾರಿಗೂ, ಗಂಡನಿಗೂ, ಹೇಳಿರದ ಮಾತನ್ನು ಅವಳಿಗೆ ಹೇಳಿದಳು.

"ನಮ್ಮ ಮಾವ ಚಿನ್ನದಂಥ ಮನುಷ್ಯ. ಅವರ ಕೂಡೆ ನಾನು ಒಂದು ಮಾತೂ ಆಡ್ಲಿಲ್ಲ. ಅವರು ತೀರಿಕೊಂಡ ದಿನ ಮಲಗಿಸಿದ್ರಲ್ಲ, ಗಂಡಸರೆಲ್ಲ ಆಚೆ ಓದಾಗ ಪಕ್ಕದಲ್ಲಿ ಕುಂತು 'ಮಾವ' ಅಂದೆ. ಅದೇ ಮೊದಲು. ಅವರಿಗೆಲ್ಲಿ ಕೇಳ್ತದೆ?" ಅವಳು ಹಿಡಿದ ಕೈಯನ್ನು ಒತ್ತಿದಳು. "ಇವಳಾದ್ರೂ ಮಾವ ಬದುಕಿರುವಾಗ್ಲೇ ಕರೀಲಿ ಬಿಡಿ ಬೀಗರೇ. ಬಯ್ಯಬ್ಯಾಡಿ."

ರಾಮಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಹೋದಳು. ಒಳಗೆ ಮಗಳ ತಲೆ ಸವರಿ, ಹೋಗು, ನಿಮ್ಮ ಮಾವನಿಗೆ ಇನ್ನೂ ಕಾಫಿ ಕೊಟ್ಟಿಲ್ಲ, ನೀನೇ ಕೊಟ್ಟು ಬಾ ಎಂದದ್ದು ಸಿದ್ದಲಕ್ಷ್ಮಮ್ಮನಿಗೆ ಕೇಳಿಸಿತು. ಮಗು ಎರಡು ಕಿವಿಗೂ ಸಾಲುವಷ್ಟು ಅತ್ತು, ಬೆಲ್ಲ ನೆಕ್ಕಿ ಸುಮ್ಮನಾಯಿತು. ಊಟವಾಯಿತು, ಬೆಸುಗೆಯೂ ಆಯಿತು.

ಬಿಸಿಲು ಇಳಿಯುವ ಹೊತ್ತಿಗೆ ಹೊರಟರು. ದೀಪ ನೋಡಿಕೊಳ್ಳಲು ಒಬ್ಬರು ಬೇಕು ಎಂದು ಕೃಷ್ಣಪ್ಪ ರಾಧಾಳನ್ನು ಮುಂದೆ ಕೂರಿಸಿಕೊಂಡ. ಆರಿಹೋದ ದೀಪವನ್ನು ನೋಡಿಕೊಳ್ಳುವುದೇನಿದೆ ಎಂದು ಸಿದ್ದಲಕ್ಷ್ಮಮ್ಮ ಕೇಳಲಿಲ್ಲ. ಬಾಳೆಹಣ್ಣಿನ ಚೀಲದ ಜೊತೆ ಹಿಂದಿನ ಸೀಟಿನಲ್ಲಿ ಕಾಲು ನೀಡಿ ಕೂತಳು. ಓಮಲೂರು ದಾಟಿ, ಕಡಯಂಪಟ್ಟಿಗೆ ತಿರುಗುವ ದಾರಿ ಬಿಟ್ಟು, ತೊಪ್ಪೂರು ಘಾಟು ಹತ್ತುವಾಗ ಲಾರಿಗಳ ಹಿಂದೆ ಕಾರು ನಿಧಾನವಾಯಿತು. ಬೆಟ್ಟದ ಕಡೆ ಕುರಿಮಂದೆಯೊಂದು ಇಳಿಯುತ್ತಿತ್ತು. ಅದನ್ನು ಕಂಡು ಕೃಷ್ಣಪ್ಪ ತಾನು ಚಿಕ್ಕವನಿದ್ದಾಗ ಕುರಿ ಹೊಡೆದುಕೊಂಡು ಕಾವೇರಿಯ ದಡಕ್ಕೆ ಹೋದ ಕತೆ ತೆಗೆದ. ಮಂದೆಯ ದೊಡ್ಡ ಟಗರು ಯಾರದೋ ಹರಿಗೋಲಿಗೆ ನೆಗೆದು, ಹಗ್ಗ ಬಿಚ್ಚಿಹೋಗಿ, ರಾಜನ ಹಾಗೆ ಒಂದೇ ನಿಂತು ಹೊಳೆಯ ನಡುವೆ ತೇಲಿಹೋಯಿತಂತೆ. ಈಜು ಬಾರದ ತಾನು ದಡದುದ್ದಕ್ಕೂ ಅದರ ಹೆಸರು ಹಿಡಿದು ಕೂಗುತ್ತ ಓಡಿದನಂತೆ. ರಾಧಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಸಿದ್ದಲಕ್ಷ್ಮಮ್ಮ ಎದ್ದು ಕೂತಳು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡ ಮನುಷ್ಯ ಈ ಕತೆಯನ್ನು ತನಗೆ ಹೇಳಿದ್ದೇ ಇಲ್ಲ. ಯಾಕೆ ಹೇಳಲಿಲ್ಲ ಎಂದು ಹಿಂದಿನಿಂದ ಕೇಳಿದಳು. ನೀನು ಕೇಳಲಿಲ್ಲ, ನಿನ್ನ ಮಾತು ಮುಗಿದರೆ ತಾನೆ ಎಂದ ಅವನು. ಅದು ನಿಜವಿದ್ದರೂ ಇರಬಹುದು ಎನ್ನಿಸಿ ಅವಳಿಗೆ ನಗು ಬಂತು. ಮುಂದಿನ ಎರಡು ಸೀಟುಗಳ ನಡುವೆ ತಲೆ ತೂರಿಸಿ, ಗಂಡನ ಹೆಗಲ ಮೇಲೊಂದು, ಸೊಸೆಯ ಹೆಗಲ ಮೇಲೊಂದು ಕೈಯಿಟ್ಟಳು.

"ಈಗ ಕೇಳ್ತಿದೀನಿ. ಟಗರು ಏನಾಯ್ತು, ಏಳಿ," ಎಂದಳು.